ಕೊಡೆಯ ಬುಡಕ್ಕೆ ಜೀವಂತ ಭಾರ

ನಮ್ಮ ನಗರಗಳಲ್ಲಿ ಅಂಗಳವುಳ್ಳ ಮನೆಗಳು ಅಪರೂಪವಾದ ಮೇಲೆ ಅಂಗಳದ ಕೆಲಸವನ್ನೆಲ್ಲ ತಾರಸಿಯೇ ವಹಿಸಿಕೊಂಡಿದೆ. ಹಪ್ಪಳ ಒಣಗುವುದೂ ಅಲ್ಲಿಯೇ, ಸಂಜೆಯ ಹರಟೆ ನಡೆಯುವುದೂ ಅಲ್ಲಿಯೇ. ಚಪ್ಪರವಿಲ್ಲದ ಈ ಹೊಸ ಅಂಗಳಕ್ಕೆ ನೆರಳಾಗಿ ದೊಡ್ಡ ಕೊಡೆಗಳು ಬಂದಿವೆ. ಬಂದುದು ಸಂತೋಷವೇ. ಆದರೆ ಕೊಡೆಯ ಬಣ್ಣವನ್ನು ಆರಿಸುವಷ್ಟು ಆಸ್ಥೆಯಿಂದ ನಾವು ಅದರ ಬುಡವನ್ನು ವಿಚಾರಿಸುವುದಿಲ್ಲವೆಂಬುದು ನನ್ನ ತಕರಾರು.

ಕೈಕೊಡೆಗೆ ಹಿಡಿದವನ ಕೈಯೇ ಆಧಾರ. ತಾರಸಿಯ ಕೊಡೆಗೆ ಬುಡದ ಭಾರವೇ ಆಧಾರ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಟೊಳ್ಳು ಪ್ಲಾಸ್ಟಿಕ್ ಬುಡದಲ್ಲಿ 20 ಲೀಟರು ನೀರು ತುಂಬಿದರೆ ದೊರೆಯುವುದು 20 ಕಿಲೋಗ್ರಾಂ ಭಾರ ಮಾತ್ರ. ಏಪ್ರಿಲ್, ಮೇ ತಿಂಗಳುಗಳ ಸಂಜೆ ಮಳೆಗೆ ಮುಂಚೆ ನುಗ್ಗುವ ಗಾಳಿಗೆ ಅದು ಯಾವ ಲೆಕ್ಕ? ಮೂರನೆಯ ಮಹಡಿಯಿಂದ ಹಾರಿದ ಕೊಡೆ ಬೀಳುವುದು ಅದರ ಒಡೆಯನ ತಲೆಯ ಮೇಲಲ್ಲ. ಬೀದಿಯಲ್ಲಿ ಹೂ ಮಾರುತ್ತ ಹೋಗುವವಳ ತಲೆಯ ಮೇಲೆ.

ಇದಕ್ಕೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಪರಿಹಾರವೊಂದಿದೆ. ಒಳಗೆ 45 ಸೆಂಟಿಮೀಟರು ಅಗಲ, ಅಷ್ಟೇ ಆಳವಿರುವ ನೇರ ಗೋಡೆಯ ಸಿಮೆಂಟಿನ ಕುಂಡವನ್ನು ತರಬೇಕು. ಕೊಡೆಯ ಕೋಲು 38 ಮಿಲಿಮೀಟರಿನದಾದರೆ 40 ಮಿಲಿಮೀಟರಿನ ಜಿ.ಐ. ಪೈಪನ್ನು ನಡುವೆ ನಿಲ್ಲಿಸಿ, ತೂಗುಗುಂಡು ಹಿಡಿದು ನೆಟ್ಟಗಿದೆಯೇ ಎಂದು ನೋಡಿ, ಸುತ್ತಲೂ 15 ಸೆಂಟಿಮೀಟರು ಕಾಂಕ್ರೀಟು ಹಾಕಬೇಕು. ಒಂದು ವಾರ ಅದನ್ನು ತೇವವಾಗಿಟ್ಟರೆ ಗಟ್ಟಿಯಾಗುತ್ತದೆ. ಕಾಂಕ್ರೀಟು ಕುಂಡದ ತಳವನ್ನು ಮುಚ್ಚಿಬಿಡುವುದರಿಂದ, ಅದರ ಮಟ್ಟಕ್ಕೆ ಸರಿಯಾಗಿ ಪಕ್ಕದಲ್ಲಿ ನೀರು ಬಸಿಯುವ ತೂತುಗಳು ಅವಶ್ಯ. ಮೇಲೆ ಮಣ್ಣು. ಪೈಪಿನ ಬಾಯಿ ಮಣ್ಣಿಗಿಂತ ಒಂದು ಗೇಣು ಎತ್ತರದಲ್ಲಿರಲಿ. ಕೊಡೆ ತೆಗೆದ ದಿನ ಅದಕ್ಕೊಂದು ಮುಚ್ಚಳವಿರಲಿ. ಇಲ್ಲವಾದರೆ ನೀರು ನಿಂತು ಸೊಳ್ಳೆಗಳಿಗೆ ತೊಟ್ಟಿಲಾದೀತು. ಮಣ್ಣು ಒಣಗಿದಾಗಲೂ ಒಟ್ಟು ಭಾರ ನೂರು ಕಿಲೋಗ್ರಾಂ ಮೀರುತ್ತದೆ. ಆದುದರಿಂದ ಕುಂಡವನ್ನು ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆಯಲ್ಲೇ ಇಡುವುದು ವಿವೇಕ.

ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು ಎಂಬ ಈ ಬಗೆಯ ಜಾಣತನ ನಮಗೆ ಹೊಸದಲ್ಲ. ತುಳಸಿಯ ಬೇರಿಗೆ ಮಣ್ಣನ್ನೂ ಸಂಜೆಯ ದೀಪಕ್ಕೆ ಗೂಡನ್ನೂ ಒಂದೇ ಕಟ್ಟೆಯಲ್ಲಿ ಒದಗಿಸಿದವರು ನಮ್ಮ ಹಿರಿಯರು. ಅಲ್ಲಿ ದೀಪ ಗಿಡವನ್ನು ಸುಡಲಿಲ್ಲ, ಗಿಡ ದೀಪವನ್ನು ಮರೆಮಾಡಲಿಲ್ಲ. ಕೊಡೆಯ ಕುಂಡಕ್ಕೂ ಇದೇ ನ್ಯಾಯ. ಅರೆನೆರಳಿನಲ್ಲಿ ಬದುಕುವ, ಬೇರು ಆಳಕ್ಕಿಳಿಸದ ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಅಲ್ಲಿ ನೆಟ್ಟರೆ ಎರಡು ಕೆಲಸಗಳಿಗೂ ಜಗಳವಿಲ್ಲ.

"ಅಷ್ಟೆಲ್ಲ ಏಕೆ? ಒಂದು ಕಲ್ಲುಗುಂಡು ಸಾಲದೇ?" ಎಂದು ಯಾರಾದರೂ ಕೇಳಬಹುದು. ಭಾರದ ಮಟ್ಟಿಗೆ ಸಾಲುತ್ತದೆ. ಆದರೆ ಬುಡ ಎಷ್ಟೇ ಭಾರವಾಗಿರಲಿ, ಬಿಚ್ಚಿದ ಕೊಡೆಯನ್ನು ಬಿರುಗಾಳಿಯಲ್ಲಿ ನಂಬುವಂತಿಲ್ಲ. ಅದನ್ನು ಮಡಿಸಲು ಒಬ್ಬರು ಮೇಲೆ ಹೋಗಲೇಬೇಕು. ಕಲ್ಲು ಯಾರನ್ನೂ ಕರೆಯುವುದಿಲ್ಲ, ಗಿಡ ಕರೆಯುತ್ತದೆ. ಸಂಜೆ ನೀರೆರೆಯಲು ತಂಬಿಗೆ ಹಿಡಿದು ಹೋದವರ ಕಣ್ಣಿಗೆ ಬಿಚ್ಚಿದ ಕೊಡೆಯೂ ಬೀಳುತ್ತದೆ, ಕವಿಯುತ್ತಿರುವ ಮೋಡವೂ ಬೀಳುತ್ತದೆ. ಕೊಡೆ ಮಡಿಸಿದರೆ ಗಿಡಕ್ಕೆ ಮಳೆ ಸಿಕ್ಕುತ್ತದೆ, ಮರುದಿನದ ಎಳೆಬಿಸಿಲೂ ಸಿಕ್ಕುತ್ತದೆ.

ವಸ್ತುವನ್ನು ಒಮ್ಮೆ ಕೊಂಡು ಮರೆಯುವುದೇ ಸುಖವೆಂದು ಭಾವಿಸುವ ಕಾಲವಿದು. ದಿನಕ್ಕೊಂದು ಸಲ ನಮ್ಮನ್ನು ತನ್ನ ಬಳಿಗೆ ಬರಮಾಡಿಕೊಳ್ಳುವ ಕುಂಡವೊಂದು ತಾರಸಿಯ ಮೇಲಿದ್ದರೆ, ಕೆಳಗೆ ಬೀದಿಯಲ್ಲಿ ನಡೆಯುವವರಿಗೂ ಅದು ಕ್ಷೇಮ.