ಗಡಿಯಾರ ನಿಮ್ಮ ಕೈಯಲ್ಲಿ, ನಾಡಿ ಎಚ್‌ಆರ್ ಕೈಯಲ್ಲಿ

ಎಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕಂಪನಿಯಲ್ಲಿ ಎಚ್‌ಆರ್‌ನವರು ಒಂದು ದಿನ ಎಲ್ಲರಿಗೂ ಫಿಟ್‌ನೆಸ್ ಬ್ಯಾಂಡ್ ಹಂಚಿದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ತಿಂಗಳ ಕೊನೆಗೆ ಗೆದ್ದವರಿಗೆ ಗಿಫ್ಟ್ ವೋಚರ್. ಪುಕ್ಕಟೆ ಸಿಕ್ಕಿದ್ದಲ್ವಾ, ಕಟ್ಕೊಂಡ್ವಿ. ಎರಡು ವಾರ ಕಳೆದ ಮೇಲೆ ಕಾಫಿ ಮಷೀನ್ ಹತ್ತಿರ ಮ್ಯಾನೇಜರ್ ನಗ್ತಾ ಕೇಳಿದರು: "ಏನ್ರೀ, ರಾತ್ರಿ ಎರಡು ಗಂಟೆವರೆಗೂ ಎದ್ದಿರ್ತೀರಂತೆ?" ನಾನೂ ನಕ್ಕೆ. ಸಂಜೆ ಬ್ಯಾಂಡ್ ಬಿಚ್ಚಿ ಡ್ರಾಯರ್‌ಗೆ ಹಾಕಿದೆ. ಯಾಕೆ ಬಿಚ್ಚಿದೆ ಅಂತ ಯಾರೂ ಕೇಳಲಿಲ್ಲ.

ಇದರ ತಂತ್ರ ಸರಳ. ಬ್ಯಾಂಡಿನ ಹಿಂಬದಿಯ ಹಸಿರು ಎಲ್‌ಇಡಿ ಚರ್ಮದೊಳಕ್ಕೆ ಬೆಳಕು ಬಿಡುತ್ತೆ. ರಕ್ತ ಹರಿದಂತೆಲ್ಲ ವಾಪಸ್ ಬರುವ ಬೆಳಕು ಹೆಚ್ಚು ಕಮ್ಮಿ ಆಗುತ್ತೆ; ಅದರಿಂದ ಎದೆಬಡಿತದ ಲೆಕ್ಕ. ಒಂದು ದಿನದ ಲೆಕ್ಕದಿಂದ ಹೆಚ್ಚೇನೂ ತಿಳಿಯಲ್ಲ. ಆರು ತಿಂಗಳದ್ದನ್ನು ಒಟ್ಟಿಗಿಟ್ಟರೆ ಕುಡಿದ ರಾತ್ರಿ, ಜ್ವರ ಬಂದ ವಾರ, ಕೆಲವೊಮ್ಮೆ ಗರ್ಭ ನಿಂತ ತಿಂಗಳು ಕೂಡ ಸುಳಿವು ಬಿಟ್ಟಿರುತ್ತೆ. "ಹೆಸರು ತೆಗೆದುಬಿಟ್ಟಿದ್ದೀವಿ" ಅನ್ನೋ ಸಮಾಧಾನವೂ ಪೊಳ್ಳು. 2017ರ ನವೆಂಬರ್‌ನಲ್ಲಿ ಸ್ಟ್ರಾವಾ ಆ್ಯಪ್ ಬಳಕೆದಾರರ ಓಟದ ಜಾಡುಗಳನ್ನು ಸೇರಿಸಿ, ಯಾರ ಹೆಸರೂ ಇಲ್ಲದ ನಕ್ಷೆಯೊಂದನ್ನು ಪ್ರಕಟಿಸಿತು. ಎರಡೇ ತಿಂಗಳಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದರಲ್ಲಿ ಅಮೆರಿಕದ ಸೇನಾ ನೆಲೆಗಳನ್ನು ಗುರುತಿಸಿದ.

ನಮ್ಮಲ್ಲಿ ಈ ಚರ್ಚೆ ಬಂದಾಗೆಲ್ಲ ಗೂಗಲ್, ಜಾಹೀರಾತು ಅಂತಲೇ ಸುತ್ತುತ್ತೆ. ಆ ಆತಂಕ ಸುಳ್ಳಲ್ಲ. ಫಿಟ್‌ಬಿಟ್ ಖರೀದಿಗೆ ಒಪ್ಪುವಾಗ ಐರೋಪ್ಯ ಒಕ್ಕೂಟ, ಅಲ್ಲಿನವರ ಆರೋಗ್ಯ ಡೇಟಾವನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಬಾರದು ಅಂತ ಗೂಗಲ್ ಮೇಲೆ ಷರತ್ತು ಹಾಕಿತ್ತು. ಅದರ ವ್ಯಾಪ್ತಿಗೆ ಭಾರತ ಬರಲ್ಲ. ಆದ್ರೆ ನನಗೆ ಅದಕ್ಕಿಂತ ಹೆಚ್ಚಿನ ದಿಗಿಲು, ಕೆಲಸ ಕೊಟ್ಟವರು ಕಟ್ಟಿಸುವ ವಾಚಿನದ್ದು.

2020ರ ಸುಮಾರಿಗೆ ಚಂಡೀಗಢ, ಪಂಚಕುಲ, ನಾಗಪುರದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಬಂತು. ಯಾರು ಎಲ್ಲಿದ್ದಾರೆ, ಎಷ್ಟು ಹೊತ್ತು ನಿಂತಿದ್ದಾರೆ, ಎಲ್ಲವೂ ಅಧಿಕಾರಿಗಳ ಕಂಪ್ಯೂಟರ್ ಪರದೆ ಮೇಲೆ. ಕ್ಯಾಮೆರಾ, ಮೈಕ್ ಇರೋ ವಾಚ್ ಕಟ್ಟಿಕೊಂಡು ಶೌಚಾಲಯಕ್ಕೆ ಹೋಗೋಕೂ ಭಯ ಅಂತ ಹೆಂಗಸರು ಹೇಳಿಕೊಂಡರು. ಚಂಡೀಗಢದಲ್ಲಿ ಪ್ರತಿಭಟನೆಗಳಾದವು. ನಾನು ಡ್ರಾಯರ್‌ಗೆ ಹಾಕಿದ ಹಾಗೆ ಅವರು ಹಾಕೋಕಾಗಲ್ಲ. ವಾಚ್ ಬಿಚ್ಚಿಟ್ಟರೆ ಸಂಬಳಕ್ಕೆ ಕತ್ತರಿ. ಆ ಕೆಲಸದಲ್ಲಿರುವವರು ಬಹುಪಾಲು ದಲಿತರು ಅನ್ನೋದನ್ನು ಬಿಡಿಸಿ ಹೇಳಬೇಕಾ?

ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ತೆಗೆದು ನೋಡಿ. 'ಉದ್ಯೋಗದ ಉದ್ದೇಶಕ್ಕೆ', ಅಥವಾ ಮಾಲೀಕರನ್ನು ನಷ್ಟದಿಂದ ಕಾಪಾಡೋಕೆ ನೌಕರರ ಡೇಟಾ ಬಳಸಿದರೆ ಒಪ್ಪಿಗೆ ಕೇಳಬೇಕಾಗಿಲ್ಲ. ಉದ್ಯೋಗದ ಉದ್ದೇಶ ಎಲ್ಲಿಗೆ ಮುಗಿಯುತ್ತೆ? ಕಾಯ್ದೆ ಹೇಳಲ್ಲ. ಸಾಲದ್ದಕ್ಕೆ, 2011ರ ನಿಯಮಗಳಲ್ಲಿ ಆರೋಗ್ಯ ಮತ್ತು ಬಯೋಮೆಟ್ರಿಕ್ ಮಾಹಿತಿಗೆ 'ಸೂಕ್ಷ್ಮ' ಅನ್ನೋ ಪ್ರತ್ಯೇಕ ದರ್ಜೆ ಇತ್ತು. ಹೊಸ ಕಾಯ್ದೆಯಲ್ಲಿ ಅದೇ ಮಾಯ. ನಿಮ್ಮ ಎದೆಬಡಿತಕ್ಕೂ ಪಿನ್‌ಕೋಡಿಗೂ ಒಂದೇ ತಕ್ಕಡಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲಿ. ಪಾಲಿಕೆ ವಿರುದ್ಧವಾದರೆ ಆ ತೀರ್ಪು ಹಿಡಿದು ಕೋರ್ಟಿಗೆ ಹೋಗಬಹುದು. ಖಾಸಗಿ ಕಂಪನಿ ವಿರುದ್ಧ ಆ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ಕಾನೂನೇ ಬೇಕು.

ಕಾನೂನು ಮಾಡೋಕೆ ದೆಹಲಿಯನ್ನೇ ಕಾಯಬೇಕಿಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಆ್ಯಪ್‌ಗಳು ಕೆಲಸಗಾರರ ಮೇಲಿಡುವ ಸ್ವಯಂಚಾಲಿತ ನಿಗಾ ಬಗ್ಗೆ ಅವರಿಗೆ ತಿಳಿಸಬೇಕು ಅನ್ನುತ್ತೆ. ಇದನ್ನೇ ಪೌರಕಾರ್ಮಿಕರಿಗೆ, ಗಾರ್ಮೆಂಟ್ ಹೆಣ್ಣುಮಕ್ಕಳಿಗೆ, ಐಟಿಯವರಿಗೆ ವಿಸ್ತರಿಸೋಕೆ ವಿಧಾನಸೌಧಕ್ಕೆ ಏನು ಅಡ್ಡಿ? ಜೊತೆಗೆ ಇನ್ನೊಂದು ಸಾಲು ಸೇರಿಸಲಿ: ಬಿಚ್ಚಿಟ್ಟ ಕಾರಣಕ್ಕೆ ಯಾರ ಸಂಬಳವನ್ನೂ ಹಿಡಿಯುವಂತಿಲ್ಲ.