ಸ್ಕೀಮಾದಲ್ಲಿ ಇಲ್ಲದ ರೈತ

2023ರ ಫೆಬ್ರವರಿಯಲ್ಲಿ ಮಾಂಗೂಸ್ ಲೈಬ್ರರಿಯ 7ನೇ ಆವೃತ್ತಿ ಬಂತು. ಮೊಂಗೋಡಿಬಿ ಡೇಟಾಬೇಸ್ ಜೊತೆ ಕೆಲಸ ಮಾಡೋರು ಬಳಸುವ ಲೈಬ್ರರಿ ಇದು. ದಾಖಲೆಯಲ್ಲಿ ಯಾವ್ಯಾವ ಫೀಲ್ಡ್ ಇರಬೇಕು ಅನ್ನೋ ಸ್ಕೀಮಾ ಬರೆಯೋದು ಇದರಲ್ಲೇ. ಕಾಲ್‌ಬ್ಯಾಕ್ ತೆಗೆದುಹಾಕಿದ್ದರಿಂದ ಹಳೆಯ ಕೋಡ್ ಮುರಿದು ಬಿತ್ತು, ಜನ ಬೈಕೊಂಡೇ ಸರಿಮಾಡಿದರು. ಅದಕ್ಕಿಂತ ನನ್ನನ್ನು ಕಾಡಿದ್ದು ಸ್ಟ್ರಿಕ್ಟ್‌ಕ್ವೆರಿ ಎಂಬ ಸಣ್ಣ ಬದಲಾವಣೆ. 6ನೇ ಆವೃತ್ತಿಯಲ್ಲಿ, ಸ್ಕೀಮಾದಲ್ಲಿ ಇಲ್ಲದ ಫೀಲ್ಡ್ ಇಟ್ಟುಕೊಂಡು ಹುಡುಕಿದರೆ ಲೈಬ್ರರಿ ಆ ಷರತ್ತನ್ನೇ ಸದ್ದಿಲ್ಲದೆ ಕಿತ್ತುಹಾಕುತ್ತಿತ್ತು. ಎರರ್ ಇಲ್ಲ. ಉತ್ತರವೇನೋ ಬರ್ತಿತ್ತು, ಆದರೆ ನೀವು ಕೇಳಿದ್ದಕ್ಕಲ್ಲ. 7ರಲ್ಲಿ ಈ ಡಿಫಾಲ್ಟ್ ಬದಲಾಯಿತು. ಬದಲಾಗುತ್ತೆ ಅಂತ 6ರಲ್ಲೇ ಎಚ್ಚರಿಕೆಯೂ ಬರ್ತಿತ್ತು.

ಇದು ಮತ್ತೆ ನೆನಪಾದದ್ದು ಹುಮನಾಬಾದಿನ ಒಂದು ಚಹಾ ಅಂಗಡಿಯಲ್ಲಿ. ಬಸವಕಲ್ಯಾಣದ ಕಡೆಯ ರೈತರೊಬ್ಬರು ಪಕ್ಕದಲ್ಲಿ ಕೂತಿದ್ದರು. ಹೊಲ ಲಾವಣಿಗೆ ಹಿಡಿದು ತೊಗರಿ, ಸೋಯಾ ಬಿತ್ತಿದ್ದರು. 2025ರ ಮಳೆಗೆ ಬೆಳೆ ನೀರುಪಾಲು. ‘ಪರಿಹಾರ ಬಂತಾ ಕಾಕಾ?’ ಅಂದೆ. ‘ಬಂತಲ್ಲ ತಮ್ಮಾ, ಮಾಲಕರಿಗಿ. ಕಂಪ್ಯೂಟರ್‌ನ್ಯಾಗ ನನ್ನ ಹೆಸರು ಎಲ್ಲಿ ಅದ?’

ಆ ವರ್ಷ ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೈಮಾನಿಕ ಸಮೀಕ್ಷೆ ನಡೆಸಿದರು. ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ ಇದ್ದದ್ದು, ರಾಜ್ಯದ ಪಾಲು ಸೇರಿ 17,000 ಆಯಿತು. ಒಳ್ಳೆಯದೇ. ಆದರೆ ದುಡ್ಡು ಹೋಗೋದು ಪಹಣಿ ಮತ್ತು ಆಧಾರ್ ಜೋಡಿಸಿದ ಖಾತೆಗೆ. ಬೀಜ, ಗೊಬ್ಬರ, ಮೇಲೆ ಲಾವಣಿ ಹಣ ಹಾಕಿದವನು ಆ ಜೋಡಣೆಯಲ್ಲೇ ಇಲ್ಲ. ಸಿಸ್ಟಂ ಅವನ ಅರ್ಜಿಯನ್ನು ತಿರಸ್ಕರಿಸಲೂ ಇಲ್ಲ, ಯಾಕಂದ್ರೆ ಅವನು ಅರ್ಜಿದಾರನೇ ಅಲ್ಲ!

ಈ ಡೇಟಾಬೇಸಿಗೆ ಅಪ್‌ಡೇಟ್ ಬಂದೇ ಇಲ್ಲ ಅಂತಲ್ಲ. ‘ಭೂಮಿ’ ಬಂದು, 2002ರ ಹೊತ್ತಿಗೆ ಕೈಬರಹದ ಪಹಣಿಯ ಮಾನ್ಯತೆ ಹೋಯಿತು; ನಿಜವಾದ ಬ್ರೇಕಿಂಗ್ ಚೇಂಜ್ ಅದು. ಆಮೇಲೆ ಫ್ರೂಟ್ಸ್ ಐಡಿ, ಬೆಳೆ ಸಮೀಕ್ಷೆ ಆ್ಯಪ್, ಪಹಣಿಗೆ ಆಧಾರ್. ಲಾವಣಿ ರೈತನ ಫೀಲ್ಡ್ ಮಾತ್ರ ಸೇರಲಿಲ್ಲ. ಇದು ಪ್ರೋಗ್ರಾಮರ್ ಮರೆವಲ್ಲ, ಕಾನೂನು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು, ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಡಿಸಿದ ಕಾನೂನು ಅದು, ಅದನ್ನು ಹಗುರವಾಗಿ ಆಡೋ ಆಸೆ ನನಗಿಲ್ಲ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು ಅಷ್ಟೆ.

ಮಾಲೀಕರ ಭಯವೂ ಸುಳ್ಳಲ್ಲ: ಇವತ್ತು ಹೆಸರು ಬರೆಸಿದರೆ ನಾಳೆ ಹೊಲವೇ ಹೋದೀತು. ಆಂಧ್ರ ಇದಕ್ಕೊಂದು ದಾರಿ ಹುಡುಕಿತು. 2019ರ ಅಲ್ಲಿನ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆಯಲ್ಲಿ ಮಾಲೀಕರ ಒಪ್ಪಿಗೆಯೊಂದಿಗೆ 11 ತಿಂಗಳ ಕಾರ್ಡ್ ಕೊಡ್ತಾರೆ. ಹಕ್ಕು ಬೆಳೆಯ ಮೇಲೆ, ಭೂಮಿಯ ಮೇಲಲ್ಲ. ಹಳೆಯ ಟೇಬಲ್ ಮುಟ್ಟದೆ ಹೊಸದೊಂದು ಸೇರಿಸಿದ ಹಾಗೆ. ಒಪ್ಪಿಗೆ ಕೊಡೋಕೆ ಮಾಲೀಕರು ಅಲ್ಲೂ ಹಿಂಜರೀತಾರೆ, ನಿಜ. ಆದರೆ ಅರ್ಜಿ ಹಾಕೋಕೆ ಒಂದು ಜಾಗವಾದರೂ ಇದೆ. ನಮ್ಮ ಕಂದಾಯ ಇಲಾಖೆ ಕನಿಷ್ಠ ಬೆಳೆ ಸಮೀಕ್ಷೆಯಲ್ಲಾದರೂ ‘ಬಿತ್ತಿದವರು ಯಾರು’ ಅನ್ನೋ ಫೀಲ್ಡ್ ಸೇರಿಸಿ, ಪರಿಹಾರವನ್ನು ಅದಕ್ಕೆ ಜೋಡಿಸಲಿ.

ಕಾಕಾ ಈ ವರ್ಷವೂ ಅದೇ ಹೊಲ ಹಿಡಿದಿದ್ದಾರೆ. ಕಾಗದ ಆಯ್ತಾ ಅಂತ ಕೇಳಿದ್ದಕ್ಕೆ ನಕ್ಕರು.