ಮನೆವಾರ್ತೆ: ಪಟ್ಟಾಭಿಷೇಕದ ಅರ್ಧಾಣೆ

ಕುರುಡುಮಲೆಯ ಏಕಶಿಲಾ ಗಣಪತಿಯ ದರ್ಶನಮಾಡಿ ಬಂದ ಗೃಹಸ್ಥರೊಬ್ಬರು, ದಾರಿಯಲ್ಲಿ ಅಪರಿಚಿತನಿಂದ ಕೊಂಡ ತಾಮ್ರದ ನಾಣ್ಯವೊಂದನ್ನು ನಮಗೆ ತೋರಿಸಿದರು. ಒಂದು ಮುಖದಲ್ಲಿ ಶ್ರೀರಾಮಪಟ್ಟಾಭಿಷೇಕ. ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧಾಣೆ, 1818. ಕೊಟ್ಟದ್ದು ಆರು ಸಾವಿರ ರೂಪಾಯಿ. ಮಗಳ ಶಾಲೆಯ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣ.

ಕಂಪನಿಯ ಏಕರೂಪ ನಾಣ್ಯಗಳು ಹೊರಟದ್ದು 1835ರಲ್ಲಿ. ಆ ಅರ್ಧಾಣೆಯ ಒಂದು ಕಡೆ ಕಂಪನಿಯ ಲಾಂಛನ, ಮತ್ತೊಂದು ಕಡೆ ಇಂಗ್ಲಿಷು ಮತ್ತು ಪಾರಸಿ ಲಿಪಿಗಳಲ್ಲಿ ಬೆಲೆಯುಂಟು, ದೇವತಾಮೂರ್ತಿಯಿಲ್ಲ. 1818ರಲ್ಲಿ ಕೋಲಾರದ ಸೀಮೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿತ್ತು. ಅವರ ತಾಮ್ರದ ಕಾಸುಗಳಲ್ಲಿ ಆನೆಯನ್ನೂ ಕನ್ನಡ ಅಕ್ಷರಗಳನ್ನೂ ಕಾಣಬಹುದು. ಪಟ್ಟಾಭಿಷೇಕದ ಈ ಸುಳ್ಳು ನಾಣ್ಯಗಳು 1616, 1717 ಎಂಬ ವರ್ಷಗಳನ್ನು ಹೊತ್ತೂ ಬರುತ್ತವೆ. ವರ್ಷ ಹಳೆಯದಾದಷ್ಟೂ ಬೆಲೆ ಹೆಚ್ಚು!

ಭೂತಕನ್ನಡಿಯಿಂದ ಅಂಚನ್ನು ಪರೀಕ್ಷಿಸಿದೆವು. ಎರಕದ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ ಸುತ್ತಲೂ ಇತ್ತು. ಅಕ್ಷರಗಳ ಬಳಿ ಸಣ್ಣ ಗುಳಿಗಳು. ಟಂಕಸಾಲೆಯಲ್ಲಿ ಅಚ್ಚೊತ್ತಿದ ನಾಣ್ಯದಲ್ಲಿ ಇವಿರುವುದಿಲ್ಲ. ವಾಚಕರು ಮೇಲಿನ ಕಪ್ಪು ಬಣ್ಣವನ್ನು ಮಾತ್ರ ನಂಬಬಾರದು. ಅದನ್ನು ಬೇಕೆಂದೇ ಬರಿಸಬಹುದು.

ಮಾರಿದವನ ಹೆಸರಾಗಲಿ ಊರಾಗಲಿ ಅವರಿಗೆ ತಿಳಿಯದು. ನಾಣ್ಯವು ಈಗ ಅವರ ದೇವರ ಮನೆಯಲ್ಲಿದೆ. ಪೂಜೆಯ ಪದಕವಾಗಿ ಅದಕ್ಕೆ ಕುಂದಿಲ್ಲವೆಂದು ನಾವೇ ಹೇಳಿದೆವು.